ಚಿಯಾಂಗ್ ಮಾಯ್‌ನಲ್ಲಿ ಶೀನನ ಹಪ್ಪಳ

"ಇನ್ನೊಂದು ಬಟ್ಟಲು ಖಾವ್ ಸೋಯ್ ಹೇಳಿ," ಎಂದರು ಗೌಡ್ರು.

"ಬೆಳಿಗ್ಗೆ ಅದನ್ನೇ ತಿಂದ್ರಲ್ಲ ಗೌಡ್ರೇ?"

"ಅದು ತಿಂಡಿ ಪದ್ಮಕ್ಕ. ಇದು ಊಟ."

ಗೌಡ್ರ ತಪ್ಪೇನೂ ಇಲ್ಲ. ಉತ್ತರ ಥಾಯ್ಲೆಂಡಿನ ಈ ಊರಿನ ಖಾವ್ ಸೋಯ್ ಅಂದರೆ ತೆಂಗಿನ ಹಾಲಿನ ಹಳದಿ ಸಾರು, ಅದರಲ್ಲಿ ಮೊಟ್ಟೆ ನೂಡಲ್ಸ್, ಕೋಳಿಯ ಕಾಲು, ಮೇಲೆ ಕರಿದ ಗರಿಗರಿ ನೂಡಲ್ಸ್. ಪಕ್ಕದಲ್ಲಿ ಉಪ್ಪಿನಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು, ಸಣ್ಣ ಈರುಳ್ಳಿ, ನಿಂಬೆ. ಯಾರಿಗೆ ಬೇಡ ಅನ್ನಿಸುತ್ತೆ?

ಪದ್ಮಕ್ಕನಿಗೆ. ಅವಳು ಓದಿಕೊಂಡು ಬಂದಿದ್ದಳು.

"ತೆಂಗಿನ ಹಾಲು ಈ ಬೆಟ್ಟದ ಸೀಮೆಯ ಅಡುಗೆಯಲ್ಲಿ ಅಪರೂಪ. ಚೀನಾದ ಯುನ್ನಾನ್ ಕಡೆಯಿಂದ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬರ್ತಿದ್ದ ಚೀನೀ ಮುಸ್ಲಿಂ ವ್ಯಾಪಾರಿಗಳಿಗೂ ಖಾವ್ ಸೋಯ್‌ಗೂ ನಂಟು. ಬಾನ್ ಹೋ ಮಸೀದಿಯ ಓಣಿಯಲ್ಲಿ ಈಗಲೂ ಅದರ ಅಂಗಡಿಗಳಿವೆ. ನಿಜವಾದ ಉತ್ತರದ ಊಟ ಬೇಕಾದ್ರೆ ಕೇಂಗ್ ಹಂಗ್ ಲೇ ತಿನ್ನಿ. ಹಂದಿಯ ಕೊಬ್ಬಿನ ಮಾಂಸ, ಶುಂಠಿ, ಹುಣಸೆಹಣ್ಣು, ಕಡಲೆಕಾಯಿ ಬೀಜ. ತೆಂಗಿನ ಹಾಲು ಒಂದು ಹನಿ ಇಲ್ಲ."

"ಅದು ಇಲ್ಲಿಯದೇನಾ?"

ಪದ್ಮಕ್ಕ ಸ್ವಲ್ಪ ತಡೆದಳು. "ಬರ್ಮಾದಿಂದ ಬಂದಿದ್ದು."

"ನೋಡಿದ್ರಾ!"

"1558ರಲ್ಲಿ ಬರ್ಮಾದವರು ಈ ಊರು ಗೆದ್ದುಕೊಂಡು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಅಷ್ಟು ದಿನ ಇದ್ದವರ ಸಾರು ಉಳಿಯಲ್ವಾ?"

"ಹಾಗಾದ್ರೆ ಹೇಸರಗತ್ತೆಯವರು ಏನು ಪಾಪ ಮಾಡಿದ್ರು?" ಎಂದರು ಗೌಡ್ರು. ಬಟ್ಟಲು ಬಂತು.

ಗೌಡ್ರ ಬಾಯಿ ಮುಚ್ಚಿಸಿದ್ದು ಮಾರನೇ ದಿನ ಬಂದ ಲಾಪ್. ಮಾಂಸವನ್ನು ಸಣ್ಣಗೆ ಕೊಚ್ಚಿ, ಹುರಿದು ಪುಡಿ ಮಾಡಿದ ಮಸಾಲೆ ಬೆರೆಸುತ್ತಾರೆ. ಬ್ಯಾಂಕಾಕಿನ ಹೋಟೆಲುಗಳಲ್ಲಿ ಸಿಗುವ ಲಾಪ್‌ಗೆ ನಿಂಬೆ ಹುಳಿ ಜಾಸ್ತಿ. ಇಲ್ಲಿಯದಕ್ಕೆ ನಿಂಬೆಯೇ ಇಲ್ಲ, ಮಕ್ವೇನ್ ಎಂಬ ಕಾಳಿದೆ. ನಮ್ಮ ಕರಾವಳಿಯಲ್ಲಿ ಮೀನು ಸಾರಿಗೆ ಹಾಕುವ ಜುಮ್ಮನಕಾಯಿಯ ಕುಲದ್ದೇ ಅದು. ನಾಲಿಗೆ ಮರಗಟ್ಟಿ ಗೌಡ್ರು ಸ್ವಲ್ಪ ಹೊತ್ತು ವಾದ ಮಾಡಲಿಲ್ಲ. ಆ ನೆಮ್ಮದಿಗಾದರೂ ಲಾಪ್ ತಿನ್ನಬೇಕು. ಆದರೆ ಹಸಿ ಮಾಂಸದ್ದೂ ಇರುತ್ತದೆ, ಹಸಿ ಹಂದಿಯಿಂದ ಕಾಯಿಲೆ ಬರುವುದುಂಟು. ಬೇಯಿಸಿದ ‘ಲಾಪ್ ಖುವಾ’ನೇ ಕೇಳಿ.

ಇಷ್ಟರಲ್ಲಿ ಶೀನನ ಕಷ್ಟ ಯಾರಿಗೂ ನೆನಪಿರಲಿಲ್ಲ. ಅವನು ಸಸ್ಯಾಹಾರಿ. ಬುಟ್ಟಿಯಲ್ಲಿ ಬರುವ ಅಂಟು ಅನ್ನಕ್ಕೆ ಮನೆಯಿಂದ ತಂದ ಚಟ್ನಿಪುಡಿ ಹಾಕಿಕೊಂಡು ದಿನ ದೂಡುತ್ತಿದ್ದ. ರಾತ್ರಿ ನೆನೆಸಿ, ಬೆಳಿಗ್ಗೆ ಹಬೆಯಲ್ಲಿ ಬೇಯಿಸುವ ಅಕ್ಕಿ ಅದು. ಬೆರಳಲ್ಲಿ ಚಿಕ್ಕ ಉಂಡೆ ಮಾಡಿ ಅದ್ದಿಕೊಂಡು ತಿನ್ನಬೇಕು. ಅದ್ದಿಕೊಳ್ಳಲು ಎಲ್ಲಕ್ಕಿಂತ ಚೆಂದದ್ದು ನಾಮ್ ಪ್ರಿಕ್ ನುಮ್: ಹಸಿಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ಕುಟ್ಟಿದ್ದು. ಜೊತೆಗೆ ಬೇಯಿಸಿದ ತರಕಾರಿ, ಕರಿದ ಹಂದಿ ಚರ್ಮ, ನಿಂಬೆಹುಲ್ಲು ಹಾಕಿದ ಸಾಯ್ ಉವಾ ಸಾಸೇಜ್. ಈ ಊರಲ್ಲಿ ಒಂದೇ ಹೊತ್ತಿನ ಊಟ ಸಿಗುವುದಾದರೆ ನಾನು ಇದನ್ನೇ ಹೇಳುತ್ತೇನೆ, ಗೌಡ್ರು ಬೈದುಕೊಂಡರೂ ಸರಿ.

"ನಾಮ್ ಪ್ರಿಕ್ ತಿನ್ನಬಹುದಾ ನಾನು?" ಎಂದ ಶೀನ ಆಸೆಯಿಂದ.

"ಅದಕ್ಕೆ ಮೀನಿನ ನೀರು ಹಾಕಿರ್ತಾರೆ ಕಣೋ," ಎಂದಳು ಪದ್ಮಕ್ಕ. "ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದ ಬೋರ್ಡು ಹುಡುಕು. ಅದು ‘ಜೇ’ ಅಂಗಡಿ. ಮಾಂಸ, ಮೀನು, ಮೊಟ್ಟೆ ಏನೂ ಇರಲ್ಲ."

ಹುಡುಕಿ ಹೋದ. ಮುಖ ಇಳಿಬಿಟ್ಟುಕೊಂಡು ವಾಪಸ್ ಬಂದ. "ಬೆಳ್ಳುಳ್ಳಿನೂ ಇಲ್ಲವಂತೆ, ಈರುಳ್ಳಿನೂ ಇಲ್ಲವಂತೆ! ಅಮ್ಮನ ಕಣ್ಣು ತಪ್ಪಿಸಿ ಇಷ್ಟು ದೂರ ಬಂದರೆ ಇಲ್ಲೂ ಅದೇನಾ?"

ಆ ಸಿಟ್ಟಲ್ಲೇ ಅವನು ವಾರೊರೊಟ್ ಮಾರ್ಕೆಟ್ಟಿಗೆ ಒಬ್ಬನೇ ಹೋಗಿದ್ದು. ಬಿದಿರಿನ ಹುಳ ಕರಿದು ಮಾರುವವರನ್ನು ದಾಟಿ, ಕಣ್ಣು ಮುಚ್ಚಿಕೊಂಡು ದಾಟಿ, ಒಂದು ಕಟ್ಟು ಹೊತ್ತು ಬಂದ.

"ಹಪ್ಪಳ ಸಿಕ್ತು!"

ದುಂಡಗೆ, ತೆಳ್ಳಗೆ, ಕಂದು ಬಣ್ಣ, ಬಿಸಿಲಲ್ಲಿ ಒಣಗಿಸಿದ್ದು. ನೋಡಲು ಹಪ್ಪಳವೇ. ಕಟ್ಟು ಬಿಚ್ಚಿದ. ಗೌಡ್ರು ಎದ್ದು ಕಿಟಕಿ ತೆಗೆದರು.

"ಯಾರ ಸಾಕ್ಸ್ ಅದು?"

ಪದ್ಮಕ್ಕ ನಕ್ಕೂ ನಕ್ಕೂ ಕುರ್ಚಿ ಹಿಡಿದುಕೊಂಡಳು. "ತುವಾ ನಾವ್ ಕಣೋ. ಸೋಯಾ ಕಾಳು ಬೇಯಿಸಿ, ಹುದುಗಿಸಿ, ರುಬ್ಬಿ, ತಟ್ಟಿ ಒಣಗಿಸೋದು. ಬರ್ಮಾ ಗಡಿ ಕಡೆಯ ಶಾನ್ ಜನರ ಮನೆಯಲ್ಲಿ ಇದಿಲ್ಲದೆ ಅಡುಗೆ ಇಲ್ಲ. ಸಿಗಡಿ ಪೇಸ್ಟ್ ಬದಲು ಸಾರಿಗೆ ಇದನ್ನೇ ಹಾಕ್ತಾರೆ."

"ಅಂದ್ರೆ ಸಸ್ಯಾಹಾರ?"

"ಶುದ್ಧ ಸಸ್ಯಾಹಾರ."

"ಇಡೀ ಊರಲ್ಲಿ ನನಗೆ ಅಂತ ಇರೋದು ಇದೊಂದೇನಾ?" ಎಂದು ಶೀನ ಆಕಾಶ ನೋಡಿದ.

ಅಷ್ಟರಲ್ಲಿ ಲಾಡ್ಜಿನ ಯಜಮಾನಿ ಬಾಗಿಲಿಗೆ ಬಂದರು. ವಾಸನೆಗೆ ಬೈಯಲು ಬಂದರೆಂದು ನಾವು ಮಂಚದ ಮೇಲೆ ಮುದುಡಿ ಕೂತೆವು. ಆಕೆ ಎರಡು ಬಿಲ್ಲೆ ಎತ್ತಿಕೊಂಡು ಹೋಗಿ, ಕೆಂಡದ ಮೇಲೆ ಸುಟ್ಟು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ ತಂದುಕೊಟ್ಟರು. ಸುಟ್ಟ ಮೇಲೆ ಆ ವಾಸನೆಯೇ ಬೇರೆ. ಶೀನ ಒಂದು ಬುಟ್ಟಿ ಅನ್ನ ಖಾಲಿ ಮಾಡಿ ಬೆರಳು ನೆಕ್ಕಿದ. ಚಟ್ನಿಪುಡಿ ಡಬ್ಬ ಗೌಡ್ರ ಕೈಗೆ ಹೋಯಿತು.

"ಉಳಿದಿದ್ದನ್ನ ಊರಿಗೆ ಒಯ್ತೀನಿ," ಎಂದ. "ವಿಮಾನದಲ್ಲಿ ಬಿಡ್ತಾರೆ ಅಲ್ವಾ?"

"ಬಿಡ್ತಾರೋ ಇಲ್ವೋ ಗೊತ್ತಿಲ್ಲ," ಎಂದರು ಗೌಡ್ರು. "ನಾನಂತೂ ಬೇರೆ ವಿಮಾನಕ್ಕೆ ಬರ್ತೀನಿ."