ಹಳೇ ಗೇಮ್, ಕ್ರ್ಯಾಕ್, ಎಮ್ಯುಲೇಟರ್: ಹಾಸನದ ಕಂಪ್ಯೂಟರ್ ರಿಪೇರಿಯವರಿಗೆ ಪ್ರಶ್ನೆಗಳು

ಅರಸೀಕೆರೆ: ನಮಸ್ಕಾರ ಸರ್. ಅಣ್ಣ 2003ರಲ್ಲಿ ತಂದ ಒರಿಜಿನಲ್ ಗೇಮ್ ಸಿಡಿ ವಿಂಡೋಸ್ 10ರಲ್ಲಿ ಓಡಲಿಲ್ಲ. ಫಾರ್ವರ್ಡ್ ಬಂದಿತ್ತು, ಅದರಂತೆ ಆಂಟಿವೈರಸ್ ಆಫ್ ಮಾಡಿ ಕ್ರ್ಯಾಕ್, ಅಂದರೆ ಗೇಮ್‌ನ ಬೀಗ ಮುರಿಯುವ ಫೈಲ್, ಹಾಕಿದೆ. ಈಗ ಎಲ್ಲಾ ಫೋಟೋಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಸೇರಿವೆ, ಒಂದೂ ತೆರೆಯುತ್ತಿಲ್ಲ. ತಂಗಿ ಮದುವೆಯದೂ ಅದರಲ್ಲೇ ಇದೆ.

ರಿಪೇರಿಯವರು: ಮೊದಲು ನೆಟ್ ತೆಗೆಯಿರಿ. ಪೆನ್‌ಡ್ರೈವ್ ಇದ್ದರೆ ಕಿತ್ತಿಡಿ. ದುಡ್ಡು ಕೇಳಿದರೆ ಕೊಡಬೇಡಿ. ಫೋನಿನಿಂದ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ, ಇಂಥವು ಅದನ್ನೂ ಕದಿಯುತ್ತವೆ. ಇದು ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಇರಬೇಕು. ಕ್ರ್ಯಾಕ್ ಜೊತೆ ಅದರಲ್ಲಿ ಸ್ಟಾಪ್ ಅನ್ನುವ ಜಾತಿಯದು ಜಾಸ್ತಿ ಬರುತ್ತದೆ. ಅದರ ಲಾಕ್ ಬಿಡಿಸಲು ಎಮ್ಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿಯವರು 2019ರಲ್ಲಿ ಉಚಿತ ಟೂಲ್ ಬಿಟ್ಟರು. ಹಳೇ ತಳಿಯಾದರೆ ಲಾಕ್ ಆದ ಫೋಟೋ ಜೊತೆ ಅದರದೇ ಒಳ್ಳೆಯ ಪ್ರತಿಯೂ ಬೇಕು. ಮದುವೆಗೆ ಬಂದ ಫೋಟೋಗ್ರಾಫರ್ ಹತ್ತಿರ ಕೇಳಿ. ವಾಟ್ಸಾಪ್‌ನದು ಆಗುವುದಿಲ್ಲ, ಅದು ಕುಗ್ಗಿರುತ್ತದೆ. ಹೊಸ ತಳಿಯಾದರೆ ಎಷ್ಟೋ ಸಲ ಬಿಡಿಸಲು ಆಗುವುದಿಲ್ಲ. ಆಗಲೂ ಫೈಲ್ ಅಳಿಸಬೇಡಿ.

ನಿಮ್ಮ ಸಿಡಿ ಹಾಳಾಗಿಲ್ಲದೆಯೂ ಇರಬಹುದು. ಆ ಕಾಲದ ಎಷ್ಟೋ ಗೇಮ್‌ಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗ ಇತ್ತು. ಕಾಪಿ ಆಗದಿರಲೆಂದು ಸಿಡಿಯಲ್ಲಿ ಬೇಕಂತಲೇ ಕೆಟ್ಟ ಸೆಕ್ಟರ್, ಅಂದರೆ ಸರಿಯಾಗಿ ಓದಲಾಗದ ಜಾಗ, ಇಡುತ್ತಿದ್ದರು. ಆ ಬೀಗವನ್ನು ನಡೆಸುವ ಸಣ್ಣ ಪ್ರೋಗ್ರಾಂ (ಡ್ರೈವರ್) ವಿಂಡೋಸ್‌ನ ಆಳದಲ್ಲಿ ಕೂತಿತ್ತು. ಅಪಾಯ ಎಂದು ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೈಬಿಟ್ಟಿತು. ದುಡ್ಡು ಕೊಟ್ಟವರೇ ಆಡಲಾಗದೆ ಉಳಿದರು, ನನಗೂ ಬೇಜಾರೇ. ನೆಟ್ ಇಲ್ಲದ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ.

ಬೇಲೂರು: ಎಮ್ಯುಲೇಟರ್ ಹಾಕಿದರೆ ಕೇಸ್ ಆಗುತ್ತಾ ಸರ್?

ರಿಪೇರಿಯವರು: ಎಮ್ಯುಲೇಟರ್ ಎಂದರೆ ಬೇರೆ ಗೇಮ್ ಮೆಷಿನ್‌ನ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. ಅದು ಬೇರೆ, ಕದ್ದ ಗೇಮ್ ಬೇರೆ. ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಕಂಪನಿ ವಿರುದ್ಧ ಸೋನಿ ಕೋರ್ಟಿಗೆ ಹೋಗಿತ್ತು. 2000ದಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಕನೆಕ್ಟಿಕ್ಸ್ ಪರವಾಗಿಯೇ ಹೇಳಿತು.

ಆಲೂರು: ಎಮ್ಯುಲೇಟರ್ ಹಾಕಬಹುದಾ ಸರ್?

ರಿಪೇರಿಯವರು: ಮೇಲೆ ಓದಿ.

ಸಕಲೇಶಪುರ: ಹಳೇ ಒರಿಜಿನಲ್ ಹಾಸನದಲ್ಲಿ ಎಲ್ಲಿ ಸಿಗುತ್ತದೆ? ಡೌನ್‌ಲೋಡ್ ಮಾಡದೆ ಇನ್ನೇನು? ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಬ್ಯಾಕಪ್‌ಗೆ ಒಪ್ಪುತ್ತದೆ.

ಚನ್ನರಾಯಪಟ್ಟಣ: ಕೈಯಲ್ಲಿರುವ ಒರಿಜಿನಲ್‌ಗೆ ರೀ, ಇಲ್ಲದ್ದಕ್ಕಲ್ಲ. 2012ರಲ್ಲಿ ಸೇರಿಸಿದ 65ಎ ಓದಿ. ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು.

ಸಕಲೇಶಪುರ: ಕಂಪನಿಯೇ ಮಾರುವುದನ್ನು ನಿಲ್ಲಿಸಿದರೆ ಯಾರಿಗೆ ದುಡ್ಡು ಕೊಡಲಿ?

ಚನ್ನರಾಯಪಟ್ಟಣ: ನಿಮಗೆ ಪುಕ್ಕಟೆ ಬೇಕು, ಅಷ್ಟೇ.

ಹೊಳೆನರಸೀಪುರ: ಕ್ಯಾಸೆಟ್ ಗೇಮ್‌ನಲ್ಲಿ ಸೇವ್ ಮಾಡಿದ್ದು ಉಳಿಯುತ್ತಿಲ್ಲ. ಒಳಗಿನ ಬ್ಯಾಟರಿ ಹೋಗಿದೆಯಾ?

ಸಕಲೇಶಪುರ: ಪುಕ್ಕಟೆ ಅಂದವರು ಸ್ವಲ್ಪ ನಾಲಿಗೆ ಹಿಡಿದು ಮಾತಾಡಿ.

ಬೇಲೂರು: ಗೀರು ಬಿದ್ದ ಸಿಡಿಗೆ ಎರಡೂ ಕಡೆ ಟೂತ್‌ಪೇಸ್ಟ್ ಉಜ್ಜಿ ಎಂದು ಬಂದಿದೆ. ಸರೀನಾ?

ರಿಪೇರಿಯವರು: ಲೇಬಲ್ ಕಡೆ ಮುಟ್ಟಲೇಬೇಡಿ. ಸಿಡಿಯಲ್ಲಿ ಡೇಟಾ ಇರುವುದು ಲೇಬಲ್‌ನ ಕೆಳಗೇ. ಅಲ್ಲಿ ಸವೆದರೆ ಮತ್ತೆ ಬರುವುದಿಲ್ಲ. ಫಾರ್ವರ್ಡ್‌ಗಳನ್ನು ಇಲ್ಲಿಗೆ ತರುವುದು ನಿಲ್ಲಿಸಿ, ಸಾಕು.

ಅರಸೀಕೆರೆ: ನೆಟ್ ತೆಗೆದೆ ಸರ್. ಸುಮ್ನೆ ಫಾರ್ಮ್ಯಾಟ್ ಮಾಡಿಸು ಅಂತ ಭಾವ ಹೇಳುತ್ತಿದ್ದಾರೆ.

ರಿಪೇರಿಯವರು: ಬೇಡ. ಆ ನಾಲ್ಕು ಅಕ್ಷರ ಏನೆಂದು ಮೊದಲು ಬರೆಯಿರಿ, ಯಾವ ತಳಿ ಎಂದು ನೋಡಬೇಕು.