ಸಹಾಯ ಬೇಕು: ಹಳೇ ಯೆಜ್ಡಿ ಬೈಕ್ ಗೊತ್ತಿರುವ ಮೆಕ್ಯಾನಿಕ್ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ 1984ರ ಯೆಜ್ಡಿ 250 ಬಸವನಗುಡಿ ಮನೆಯ ಹಿಂದೆ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ಇಳಿಸಲೇಬೇಕು ಅಂತ ಹೊರಟಿದ್ದೇನೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಒರಿಜಿನಲ್ ಪಾರ್ಟ್ಸ್ ಸಿಗೋದು ಕಷ್ಟ ಅಲ್ವಾ?

ಎಂಜಿನ್ ಜಾಮ್ ಆಗಿಲ್ಲ, ಅದೇ ಖುಷಿ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಕೂಡ ಕಮ್ಮಿಯಾಗುತ್ತಿದೆ. ಕ್ರ್ಯಾಂಕ್‌ನ ಆಯಿಲ್ ಸೀಲ್ ಗಟ್ಟಿಯಾಗಿ ಆಯಿಲ್ ಒಳಗೆ ಎಳೆಯುತ್ತಿದೆ ಅಂತ ನನ್ನ ಅನುಮಾನ. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ತುಕ್ಕಿನ ಚಕ್ಕೆಗಳ ಸದ್ದು. ಕಾರ್ಬ್ಯುರೇಟರ್ ಜೆಟ್ ಪದೇ ಪದೇ ಕಟ್ಟಿಕೊಳ್ಳುತ್ತದೆ.

ಎಂಜಿನ್ ಬಿಚ್ಚಿ ಸರಿಯಾಗಿ ಜೋಡಿಸುವ, ಟೂ-ಸ್ಟ್ರೋಕ್‌ನಲ್ಲಿ ಕೈ ಪಳಗಿದವರು ಬೇಕು. ಜೆ.ಸಿ. ರಸ್ತೆ, ಶಿವಾಜಿನಗರದ ಕಡೆ ಒಳ್ಳೆ ಸೀಲ್, ಬೇರಿಂಗ್ ಸಿಗುವ ಅಂಗಡಿ ಯಾವುದು?

6 ವೋಲ್ಟ್ ಹೆಡ್‌ಲೈಟ್ ತುಂಬಾ ಮಂಕು. 12 ವೋಲ್ಟ್‌ಗೆ ಬದಲಾಯಿಸಿ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಿದವರು ಇದ್ದೀರಾ? ಎಷ್ಟು ಖರ್ಚಾಯಿತು, ಮಳೆಯಲ್ಲಿ ತೊಂದರೆ ಕೊಟ್ಟಿತಾ? ಪೇಂಟ್ ಮಾತ್ರ ಮುಟ್ಟಿಸುವುದಿಲ್ಲ. ಟ್ಯಾಂಕ್ ಪಕ್ಕದಲ್ಲಿ ದೊಡ್ಡಪ್ಪನ ಮೊಣಕಾಲು ತಾಗಿ ಸವೆದ ಗುರುತು ನನಗೆ ಹಾಗೇ ಬೇಕು.

ಇನ್ನೊಂದು, ಆರ್‌ಸಿ ಅವಧಿ ಮುಗಿದಿದೆ. ಇಷ್ಟು ಹಳೇ ಗಾಡಿಗೆ ಇತ್ತೀಚೆಗೆ ರಿನ್ಯೂವಲ್ ಮಾಡಿಸಿದವರು ದಯವಿಟ್ಟು ಕಾಮೆಂಟ್ ಹಾಕಿ.