ಗಿಡಗಳ ಸಾರದಿಂದ ಲಿವರ್ ಕ್ಯಾನ್ಸರ್ ಕೋಶ ಸಾಯುತ್ತದೆ, ಆದರೂ ಔಷಧಿ ಯಾಕಿಲ್ಲ?

ಹಸಿರೆಲೆ: ಕ್ಯಾನ್ಸರ್ ಕೋಶ ಸಾಯೋದನ್ನೇ ಬಿಟ್ಟಿರುತ್ತದೆ. ಅರಿಶಿನದ ಕರ್ಕ್ಯುಮಿನ್ ಬಿದ್ದರೆ ಕೋಶದ ಸಾವನ್ನು ತಡೆಯುವ ಬಿಸಿಎಲ್-2 ಪ್ರೋಟೀನ್ ಇಳಿಯುತ್ತದೆ, ಸಾವಿಗೆ ತಳ್ಳುವ ಬ್ಯಾಕ್ಸ್ ಏರುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಅನ್ನೋ ಪ್ರೋಟೀನ್ ಸೋರುತ್ತದೆ. ಆಮೇಲೆ ಕ್ಯಾಸ್ಪೇಸ್-9, ಅದರ ಹಿಂದೆ ಕ್ಯಾಸ್ಪೇಸ್-3 ಅನ್ನೋ ಕಿಣ್ವಗಳು ಎದ್ದು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಹೆಪ್‌ಜಿ2 ಅನ್ನೋ, ಲ್ಯಾಬಿನಲ್ಲಿ ಬೆಳೆಸುವ ಲಿವರ್ ಗೆಡ್ಡೆಯ ಕೋಶಗಳಲ್ಲಿ ಇದನ್ನು ಎಷ್ಟೋ ಸಲ ತೋರಿಸಿದ್ದಾರೆ. ರೋಗಿಗಳಿಗೆ ಯಾಕೆ ಕೊಡುತ್ತಿಲ್ಲ?

ಕಿರಣ್: "ತೋರಿಸಿದ್ದಾರೆ" ಸರಿ, ಎಲ್ಲಿ? ಲ್ಯಾಬಿನ ತಟ್ಟೆಯಲ್ಲಿ. ತಟ್ಟೆಗೆ ಬ್ಲೀಚ್ ಹಾಕಿದರೂ ಕೋಶ ಸಾಯುತ್ತದೆ. ಕರ್ಕ್ಯುಮಿನ್ ನುಂಗಿದರೆ ಕರುಳು ಹೀರಿಕೊಳ್ಳೋದೇ ಕಡಿಮೆ. ಹೀರಿಕೊಂಡಿದ್ದನ್ನೂ ದೇಹ ಬೇಗ ಹೊರಗೆ ಹಾಕುತ್ತದೆ.

ಹಸಿರೆಲೆ: ಬ್ಲೀಚ್‌ಗೆ ಹೋಲಿಸಬೇಡಿ. ಅದರಿಂದ ಕೋಶ ಒಡೆದು ಸಾಯುತ್ತದೆ, ಅದು ನೆಕ್ರೋಸಿಸ್. ನಾನು ಹೇಳಿದ್ದು ಅಪೊಪ್ಟೋಸಿಸ್, ಅಂದ್ರೆ ಕೋಶ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳೋದು. 1972ರಲ್ಲಿ ವಿಜ್ಞಾನಿಗಳಾದ ಕೆರ್, ವೈಲಿ, ಕರಿ ಆ ಹೆಸರಿಟ್ಟಾಗಲೇ ಎರಡೂ ಬೇರೆ ಅಂತ ಬರೆದರು. ಗಿಡ ಅಂದ್ರೆ ಇಷ್ಟು ತಾತ್ಸಾರ ಯಾಕೆ? ಕ್ಯಾನ್ಸರ್ ಔಷಧಿಗಳಲ್ಲೇ ಪ್ಯಾಕ್ಲಿಟಾಕ್ಸೆಲ್ ಯೂ ಮರದ ತೊಗಟೆಯಿಂದ ಬಂತು, ವಿನ್‌ಕ್ರಿಸ್ಟಿನ್ ನಿತ್ಯಪುಷ್ಪದಿಂದ.

ಪ್ರಭಾ: ಹೆಪ್‌ಜಿ2 ಅಂದ್ರಲ್ಲ, ಅಲ್ಲೇ ಎಡವಿದ್ದೀರಿ. ಅದು 15 ವರ್ಷದ ಹುಡುಗನ ಗೆಡ್ಡೆಯಿಂದ ತೆಗೆದ ಕೋಶ. ಅದು ಹೆಪಟೋಬ್ಲಾಸ್ಟೋಮಾ ಅಂತ 2009ರಲ್ಲಿ ಗೊತ್ತಾಯಿತು. ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಹೆಪಟೋಸೆಲ್ಯುಲರ್ ಕಾರ್ಸಿನೋಮಾ ಅಲ್ಲ.

ಹಸಿರೆಲೆ: ಹೆಪಟೋಬ್ಲಾಸ್ಟೋಮಾ ಕೂಡ ಲಿವರ್‌ನದೇ ಕ್ಯಾನ್ಸರ್. ಮಾತು ತಿರುಗಿಸಬೇಡಿ.

ಪ್ರಭಾ: ತಿರುಗಿಸ್ತಿಲ್ಲ. ಅದು ಹೆಚ್ಚಾಗಿ ಪುಟ್ಟ ಮಕ್ಕಳ ಕಾಯಿಲೆ. ದೊಡ್ಡವರದ್ದು ಹೆಪಟೈಟಿಸ್ ಬಿ, ಸಿ ಅಥವಾ ಕುಡಿತದಿಂದ ಹಾಳಾದ ಲಿವರ್‌ನಲ್ಲಿ ಬೆಳೆಯುವಂಥದ್ದು. ಇನ್ನೊಂದು, ಹೆಪ್‌ಜಿ2ನಲ್ಲಿ ಕೆಟ್ಟ ಕೋಶವನ್ನು ಸಾವಿಗೆ ತಳ್ಳುವ ಪಿ53 ಜೀನ್ ಸರಿಯಾಗಿದೆ. ಲ್ಯಾಬಿನಲ್ಲಿ ಬಳಸುವ ಬೇರೆ ಲಿವರ್ ಕ್ಯಾನ್ಸರ್ ಕೋಶಗಳಾದ ಹೆಪ್3ಬಿಯಲ್ಲಿ ಪಿ53 ಇಲ್ಲವೇ ಇಲ್ಲ, ಹುಹ್7ನಲ್ಲಿ ಕೆಟ್ಟಿದೆ. ಪಿ53 ಚೆನ್ನಾಗಿರುವ ಕೋಶವನ್ನು ಸಾವಿಗೆ ತಳ್ಳೋದು ಸುಲಭ.

ಮಂಜು: "ಸುಲಭ" ಅಂತ ಹೇಗೆ ಹೇಳ್ತೀರಿ? ಹೆಪ್3ಬಿಯಲ್ಲೂ ಕರ್ಕ್ಯುಮಿನ್ ಕೆಲಸ ಮಾಡಿದೆ. ಪಿ53 ಇಲ್ಲದೆಯೂ ಕ್ಯಾಸ್ಪೇಸ್ ಏಳಬಹುದು.

ಪ್ರಭಾ: ಎಷ್ಟು ಪ್ರಮಾಣ ಹಾಕಿದರು ನೋಡಿದ್ದೀರಾ?

ಮಂಜು: ಈಗ ಪ್ರಮಾಣಕ್ಕೆ ಹಾರಿದ್ರಿ. ನಾನು ಕೇಳಿದ್ದು ಪಿ53 ಬಗ್ಗೆ.

ಗಿರಿಜಾ: ನಮ್ಮಣ್ಣನಿಗೆ ಇದೇ ಕಾಯಿಲೆ. ಕಾಳುಮೆಣಸಿನ ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಶುರು ಮಾಡಿದ್ದೇವೆ. ಮುಂದುವರಿಸಬಹುದಾ? ದಯವಿಟ್ಟು ಯಾರಾದರೂ ಹೇಳಿ.

ಹಸಿರೆಲೆ: ಪೈಪರಿನ್! ಕಿರಣ್, "ಹೀರಿಕೊಳ್ಳೋದೇ ಕಡಿಮೆ" ಅಂದಿದ್ರಿ ಅಲ್ವಾ? ಪೈಪರಿನ್ ಸೇರಿಸಿದರೆ ಮನುಷ್ಯರಲ್ಲಿ 20 ಪಟ್ಟು ಜಾಸ್ತಿ ಅಂತ 1998ರಲ್ಲೇ ಬಂದಿದೆ.

ಕಿರಣ್: ತೀರಾ ಕಡಿಮೆ ಇದ್ದದ್ದು 20 ಪಟ್ಟಾದರೂ ಕಡಿಮೆಯೇ. 2017ರಲ್ಲಿ ಬಂದ ವಿಮರ್ಶೆ ಓದಿ. 120ಕ್ಕೂ ಹೆಚ್ಚು ಕ್ಲಿನಿಕಲ್ ಪ್ರಯೋಗ ಆಗಿದ್ದರೂ ಡಬಲ್ ಬ್ಲೈಂಡ್ ಪ್ರಯೋಗ (ಯಾರಿಗೆ ನಿಜವಾದ ಔಷಧಿ ಅಂತ ರೋಗಿಗೂ ಡಾಕ್ಟರಿಗೂ ಗೊತ್ತಿಲ್ಲದ್ದು) ಒಂದೂ ಗೆದ್ದಿಲ್ಲ ಅಂತ ಅದರಲ್ಲಿದೆ.

ಹಸಿರೆಲೆ: "ಗೆದ್ದಿಲ್ಲ" ಅಂತೀರಿ. ಲಿವರ್ ಕ್ಯಾನ್ಸರಿಗೆ ಕೊಡುವ ನಿಮ್ಮ ಸೊರಾಫೆನಿಬ್ ಔಷಧಿ ಗೆದ್ದದ್ದು ಎಷ್ಟು? 2008ರ ಪ್ರಯೋಗದಲ್ಲಿ ರೋಗಿಗಳು ಬದುಕುವ ಮಧ್ಯಮ ಅವಧಿ 7.9 ತಿಂಗಳಿದ್ದದ್ದು 10.7 ಆಯಿತು, ಅಷ್ಟೇ. ಇನ್ನು ಐಕಾರಿಟಿನ್ ಅನ್ನೋ ಔಷಧಿ ಬಂದಿರೋದು ಎಪಿಮೀಡಿಯಂ ಗಿಡದಿಂದ. ಮುಂದುವರಿದ ಲಿವರ್ ಕ್ಯಾನ್ಸರ್‌ಗೆ ಚೀನಾ 2022ರಲ್ಲಿ ಅದನ್ನು ಒಪ್ಪಿದೆ. ಅದಕ್ಕೇನು ಹೇಳ್ತೀರಿ?

ಕಿರಣ್: ಷರತ್ತಿನ ಮೇಲೆ ಒಪ್ಪಿದೆ. ಅದೂ ಶುದ್ಧ ಮಾಡಿ, ಅಳೆದು, ರೋಗಿಗಳ ಮೇಲೆ ಪರೀಕ್ಷಿಸಿದ ಒಂದೇ ಅಣು. ಗಿಡದ ಪುಡಿ ಅಲ್ಲ.

ಹಸಿರೆಲೆ: ನಾನು ಪುಡಿ ಅಂದೇ ಇಲ್ಲ!! ಮೇಲೆ ಹೋಗಿ ಓದಿ.

ಪ್ರಭಾ: ಗಿರಿಜಾ ಅವರೇ, ಕ್ಷಮಿಸಿ, ನಿಮ್ಮ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅರಿಶಿನದ ಕ್ಯಾಪ್ಸೂಲ್‌ನಿಂದಲೇ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಅದರಲ್ಲಿ ಪೈಪರಿನ್ ಸೇರಿಸಿದ ಕ್ಯಾಪ್ಸೂಲ್‌ಗಳೂ ಇವೆ. ಬೇರೆ ಔಷಧಿಗಳನ್ನು ಲಿವರ್ ಕರಗಿಸುವ ವೇಗವನ್ನೂ ಪೈಪರಿನ್ ತಗ್ಗಿಸಬಹುದು. ಅಣ್ಣನ ಲಿವರ್ ಈಗಾಗಲೇ ಸೋತಿದೆ. ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಅವರ ಕ್ಯಾನ್ಸರ್ ಡಾಕ್ಟರ್‌ಗೆ ಇವತ್ತೇ ತೋರಿಸಿ.

ಹಸಿರೆಲೆ: ಸುಮ್ನೆ ಹೆದರಿಸಬೇಡಿ. ಅಂಥ ಪ್ರಕರಣ ಅಪರೂಪ.

ಪ್ರಭಾ: ಆರೋಗ್ಯವಂತರಿಗೆ ಅಪರೂಪ. ಅವರಣ್ಣ ಆರೋಗ್ಯವಾಗಿಲ್ಲ.

ಗಿರಿಜಾ: ಕ್ಯಾಪ್ಸೂಲ್ ನಿಲ್ಲಿಸಿದ್ದೇನೆ. ನಾಳೆ ಬೆಳಿಗ್ಗೆ ಡಾಕ್ಟರ್ ಸಿಗ್ತಾರೆ.

ಮಂಜು: ಹೆಪ್3ಬಿ ಬಗ್ಗೆ ನನಗೆ ಇನ್ನೂ ಉತ್ತರ ಬಂದಿಲ್ಲ.